ತೊಟ್ಟಿಯಲ್ಲಿರುವ ಬಿಳಿ ಹವಳ ಆರೋಗ್ಯವಾಗಿದೆಯೇ?

ಪ್ರಶ್ನೆ: ನಾವು ಅಮೆರಿಕದ ಹ್ಯೂಸ್ಟನ್‌ನಲ್ಲಿ ನೆಲೆಸಿದ್ದೇವೆ. ಮನೆಯಲ್ಲಿ 75 ಗ್ಯಾಲನ್‌ನ ಉಪ್ಪುನೀರಿನ ಅಕ್ವೇರಿಯಂ ಇದೆ. ಕಳೆದ ತಿಂಗಳು ಅಚ್ಚ ಬಿಳುಪಿನ ಟಾರ್ಚ್ ಹವಳವೊಂದನ್ನು, ಅಪರೂಪದ ಬಿಳಿ ತಳಿ ಎಂದು ಅಂಗಡಿಯವರು ಹೇಳಿದ್ದರಿಂದ, ಹೆಚ್ಚು ಹಣ ಕೊಟ್ಟು ತಂದೆವು. ಕ್ಲೌನ್ ಮೀನುಗಳಿಗೆಂದು ನೇರಳೆ ತುದಿಯ ಬಿಳಿ ‘ಸೀಬೆ’ (sebae) ಅನಿಮೋನ್ ಎಂಬ, ಹವಳದ ಸಂಬಂಧಿಯಾದ ಕಡಲ ಪ್ರಾಣಿಯನ್ನೂ ತಂದಿದ್ದೇವೆ. ಎರಡೂ ಅರಳಿ ನಿಂತಿವೆ. ನಮಗೆ ಚಿಂತೆಯಾಗಿರುವುದು ಮೊದಲಿನಿಂದ ಇರುವ ಹಸಿರು ಆಕ್ರೊಪೋರಾ ಹವಳದ ಬಗ್ಗೆ. ಅದರ ಕೊಂಬೆಗಳ ತುದಿಗಳು ಬೆಳ್ಳಗಾಗಿವೆ. ನೀರಿನ ಉಷ್ಣತೆ ರಾತ್ರಿ 78, ಮಧ್ಯಾಹ್ನ 83 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆ. ನೀರಿನ ಕ್ಷಾರೀಯತೆ, ಅಂದರೆ ಆಲ್ಕಲಿನಿಟಿ, 9 ಡಿಕೆಎಚ್ (ಅದನ್ನು ಅಳೆಯುವ ಮಾನ). ಎಲ್‌ಇಡಿ ದೀಪ ಶೇ. 90ರಷ್ಟು ಪ್ರಖರತೆಯಲ್ಲಿ ದಿನಕ್ಕೆ ಹತ್ತು ಗಂಟೆ ಉರಿಯುತ್ತದೆ. ಬಿಳಿ ಹವಳ ಆರೋಗ್ಯವಾಗಿರಲು ಸಾಧ್ಯವೇ? ಇವನ್ನು ಅಂಗಡಿಗೆ ಮರಳಿಸಬೇಕೇ?

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ, ನೀವು ಚಿಂತಿಸುತ್ತಿರುವ ಆಕ್ರೊಪೋರಾ ಬಹುಮಟ್ಟಿಗೆ ಆರೋಗ್ಯವಾಗಿಯೇ ಇದೆ. ನೀವು ನೆಮ್ಮದಿಯಿಂದ ನೋಡುತ್ತಿರುವ ಟಾರ್ಚ್ ಹವಳ ಮತ್ತು ಅನಿಮೋನ್ ಮಾತ್ರ ಹಸಿವಿನಿಂದ ಬಳಲುತ್ತಿವೆ. ಅವು ಸತ್ತಿಲ್ಲ, ಸಾಯಲೇಬೇಕೆಂದೂ ಇಲ್ಲ. ಆದರೆ ಈಗಿರುವ ಬೆಳಕಿನಲ್ಲಿ, ಈಗಿರುವ ನೀರಿನಲ್ಲಿ, ಹೊರಗಿನಿಂದ ಆಹಾರ ಸಿಗದೆ ಅವು ಬಹುಕಾಲ ಬದುಕುವುದು ಕಷ್ಟ. ಬಿಳಿ ಬಣ್ಣವೆನ್ನುವುದು ಹವಳದಲ್ಲಿ ಬೇರೆ ಬೇರೆ ಕಾರಣಗಳಿಂದ ಕಾಣಿಸಿಕೊಳ್ಳುತ್ತದೆ; ಅವುಗಳಲ್ಲಿ ಕೆಲವು ನಿರುಪದ್ರವಿ, ಕೆಲವು ಅಪಾಯಕಾರಿ. ಆದ್ದರಿಂದ ಕಾರಣವನ್ನು ಗುರುತಿಸುವುದು ಹೇಗೆ ಎಂಬುದನ್ನು ಮೊದಲು ವಿವರಿಸಿ, ಆಮೇಲೆ ನಿಮ್ಮ ತೊಟ್ಟಿಯಲ್ಲಿ ಏನು ಮಾಡಬೇಕೆಂಬುದಕ್ಕೆ ಬರುತ್ತೇನೆ.

ಹವಳವು ಪಾಲಿಪ್ ಎಂಬ ಸಣ್ಣ ಪ್ರಾಣಿಗಳ ಸಮೂಹ. ಗಟ್ಟಿ ಹವಳಗಳಲ್ಲಿ ಈ ಪಾಲಿಪ್‌ಗಳು ತಮ್ಮ ಕೆಳಗೆ ಅರಗೊನೈಟ್ ಎಂಬ ಸುಣ್ಣದ ಖನಿಜದಿಂದ ಬಿಳಿಯ ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ. ಪ್ರಾಣಿಯ ಮಾಂಸ ತೆಳುವಾದದ್ದು, ಬಹುಪಾಲು ಪಾರದರ್ಶಕವಾದದ್ದು. ನಾವು ಹವಳದ ಬಣ್ಣವೆಂದು ಕರೆಯುವ ಕಂದು, ಹೊಂಗಂದು ಛಾಯೆಗಳು ಆ ಮಾಂಸದ ಜೀವಕೋಶಗಳ ಒಳಗೆ ವಾಸಿಸುವ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿಗಳದ್ದು. ಹಸಿರು, ಗುಲಾಬಿ, ನೇರಳೆಗಳನ್ನು ಹವಳವೇ ತಯಾರಿಸುವ ವರ್ಣದ್ರವ್ಯಗಳು ಕೊಡುತ್ತವೆ. ಒಂದು ಚದರ ಸೆಂಟಿಮೀಟರ್‌ನಷ್ಟು ಆರೋಗ್ಯವಂತ ಹವಳದ ಮೈಯಲ್ಲಿ ಈ ಪಾಚಿಕೋಶಗಳು ಸಾಮಾನ್ಯವಾಗಿ ಹತ್ತು ಲಕ್ಷದ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚು ಇರುತ್ತವೆ. ಅವು ಬೆಳಕಿನಿಂದ ಸಕ್ಕರೆಯನ್ನೂ ಕೊಬ್ಬಿನಂಶವನ್ನೂ ತಯಾರಿಸಿ ತಮಗೆ ಆಶ್ರಯ ಕೊಟ್ಟ ಪ್ರಾಣಿಗೆ ನೀಡುತ್ತವೆ. ಪ್ರಾಣಿಯು ತನ್ನ ವಿಸರ್ಜನೆಯ ಸಾರಜನಕ, ರಂಜಕ ಮತ್ತು ಇಂಗಾಲದ ಡೈಆಕ್ಸೈಡನ್ನು ಅವುಗಳಿಗೆ ಕೊಡುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಕಡೆ ಬೆಳೆಯುವ ಅನೇಕ ಹವಳಗಳ ದೈನಂದಿನ ಶಕ್ತಿಯಲ್ಲಿ ಶೇ. 90ರವರೆಗೂ ಈ ಪಾಚಿಯಿಂದಲೇ ಬರುತ್ತದೆ.

ನೀರು ಅತಿಯಾಗಿ ಬಿಸಿಯಾದಾಗ, ಅಥವಾ ಬೆಳಕು ಹಠಾತ್ತಾಗಿ ಹೆಚ್ಚಿದಾಗ, ಪಾಚಿಯ ದ್ಯುತಿಸಂಶ್ಲೇಷಣೆಯ ವ್ಯವಸ್ಥೆ ಹಿಡಿದ ಬೆಳಕನ್ನೆಲ್ಲ ಬಳಸಿಕೊಳ್ಳಲಾಗದೆ ಹಾನಿಗೊಳಗಾಗುತ್ತದೆ ಮತ್ತು ಜೀವಕೋಶವನ್ನು ಸುಡುವಂತಹ ಆಮ್ಲಜನಕದ ಕ್ರಿಯಾಶೀಲ ರೂಪಗಳು ಅಲ್ಲಿ ಉತ್ಪತ್ತಿಯಾಗುತ್ತವೆ. ಆಗ ಹವಳವು ಪಾಚಿಯನ್ನು ಹೊರಹಾಕುತ್ತದೆ, ಇಲ್ಲವೇ ಪಾಚಿಕೋಶಗಳು ಒಳಗೇ ನಾಶವಾಗುತ್ತವೆ. ಉಳಿಯುವುದು ಪಾರದರ್ಶಕ ಮಾಂಸ ಮತ್ತು ಅದರ ಮೂಲಕ ಕಾಣುವ ಸುಣ್ಣದ ಬಿಳುಪು. ಇದನ್ನೇ ಬ್ಲೀಚಿಂಗ್ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಪ್ರಾಣಿ ಜೀವಂತವಾಗಿರುತ್ತದೆ, ಕರಬಳ್ಳಿಗಳನ್ನು ಚಾಚುತ್ತದೆ, ಮುಟ್ಟಿದರೆ ಮುದುಡಿಕೊಳ್ಳುತ್ತದೆ, ಆಹಾರ ಕೊಟ್ಟರೆ ತಿನ್ನುತ್ತದೆ. ನಿಮ್ಮ ಟಾರ್ಚ್ ಹವಳ ಅರಳಿ ನಿಂತಿರುವುದರಿಂದ ಅದು ಚೆನ್ನಾಗಿದೆ ಎಂದು ನೀವು ಭಾವಿಸಿದ್ದು ಸಹಜ. ಆದರೆ ಅರಳುವಿಕೆ ಜೀವಂತಿಕೆಯ ಗುರುತೇ ಹೊರತು ಆರೋಗ್ಯದ ಗುರುತಲ್ಲ. ಅದು ತನ್ನ ಶರೀರದಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಳ್ಳುತ್ತ ದಿನ ದೂಡುತ್ತಿದೆ.

ಪಾಚಿಯಿಲ್ಲದ ಹವಳವೂ ಆಹಾರ ಸಿಕ್ಕರೆ ಬದುಕಬಲ್ಲದು ಎಂಬುದು ಹಳೆಯ ತಿಳಿವಳಿಕೆ. 1928–29ರಲ್ಲಿ ಮಾರಿಸ್ ಯಂಗ್ ಅವರ ನೇತೃತ್ವದಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ದ್ವೀಪಗಳಲ್ಲಿ ನಡೆದ ಅಧ್ಯಯನದಲ್ಲಿ ಹವಳಗಳನ್ನು ಕತ್ತಲೆಯಲ್ಲಿಟ್ಟು ಗಮನಿಸಿದ್ದರು. ಅವು ಪಾಚಿಯನ್ನು ಕಳೆದುಕೊಂಡರೂ, ಸೂಕ್ಷ್ಮ ಪ್ರಾಣಿಗಳನ್ನು ತಿನ್ನಿಸುತ್ತಿದ್ದರೆ ಬದುಕಿ ಉಳಿದವು. ನಿಮ್ಮ ಎರಡು ಬಿಳಿ ಜೀವಿಗಳ ಬಗ್ಗೆ ನಾನು ಭರವಸೆ ಇಟ್ಟುಕೊಂಡಿರುವುದು ಇದರ ಆಧಾರದ ಮೇಲೆಯೇ.

ಈಗ ಗುರುತಿಸುವ ವಿಧಾನಕ್ಕೆ ಬರೋಣ. ಮೊದಲು ತೊಟ್ಟಿಯ ನೀಲಿ ದೀಪವನ್ನು ಆರಿಸಿ, ಸಾದಾ ಬಿಳಿ ಬೆಳಕಿನಲ್ಲಿ ಹವಳವನ್ನು ನೋಡಬೇಕು. ನೀಲಿ ಎಲ್‌ಇಡಿಯ ಕೆಳಗೆ ಹವಳದ ಪ್ರತಿದೀಪಕ ವರ್ಣದ್ರವ್ಯಗಳು ಹೊಳೆಯುವುದರಿಂದ, ಪಾಚಿಯೆಲ್ಲ ಹೋಗಿ ಬಿಳಿಚಿಕೊಂಡ ಹವಳವೂ ಅಲ್ಲಿ ಥಳಥಳಿಸುತ್ತದೆ. ಕೊಳ್ಳುವಾಗಲೂ ಇದೇ ಎಚ್ಚರಿಕೆ ಬೇಕು. ಬಿಳಿ ಬೆಳಕಿನಲ್ಲಿ ತೋರಿಸಲು ಒಪ್ಪದ ಅಂಗಡಿಯಿಂದ ಹವಳ ತರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಳಿಕ ಮಾಂಸವಿದೆಯೇ ಎಂದು ನೋಡಿ. ಗಟ್ಟಿ ಹವಳದ ಪ್ರತಿ ಪಾಲಿಪ್‌ನ ಬುಡದಲ್ಲಿ ಸುಣ್ಣದ ತೆಳುವಾದ ಅಲಗುಗಳು ವೃತ್ತಾಕಾರವಾಗಿ ಜೋಡಿಸಿಕೊಂಡಿರುತ್ತವೆ. ಅವುಗಳ ಮೇಲೆ ತೇವದ, ನುಣುಪಾದ ಪೊರೆ ಇದ್ದು, ಟಾರ್ಚ್ ದೀಪ ಹಿಡಿದಾಗ ಆ ಪೊರೆ ಮಿನುಗಿದರೆ ಹವಳ ಜೀವಂತವಾಗಿದೆ. ಅಲಗುಗಳು ಹರಿತವಾಗಿ, ಒಣಗಿದ ಸುಣ್ಣದಂತೆ ಹೊರಗೆ ಚಾಚಿಕೊಂಡಿದ್ದರೆ ಅಲ್ಲಿ ಮಾಂಸವಿಲ್ಲ. ಆ ಭಾಗ ಸತ್ತಿದೆ. ಸತ್ತ ಅಸ್ಥಿಪಂಜರ ಅಚ್ಚ ಬಿಳುಪಾಗಿ ಉಳಿಯುವುದು ಕೆಲವೇ ದಿನ. ಆಮೇಲೆ ಅದರ ಮೇಲೆ ಹಸಿರು ಅಥವಾ ಕಂದು ಪಾಚಿಯ ಪದರ ಹತ್ತಿಕೊಳ್ಳುತ್ತದೆ. ಹಾಗಾಗಿ ವಾರಗಟ್ಟಲೆ ಬಿಳಿಯಾಗಿಯೇ ಉಳಿದಿರುವ ನಿಮ್ಮ ಟಾರ್ಚ್ ಹವಳದ ಮೇಲೆ ಮಾಂಸ ಇನ್ನೂ ಇದೆ ಎಂದು ಸುಲಭವಾಗಿ ಹೇಳಬಹುದು. ದೀಪ ಆರಿದ ಒಂದು ಗಂಟೆಯ ನಂತರ ಅದರ ಕರಬಳ್ಳಿಗಳಿಗೆ ಸ್ವಲ್ಪ ಆಹಾರ ತಾಕಿಸಿ ನೋಡಿ. ಹಿಡಿದುಕೊಂಡು ಬಾಯಿಯ ಕಡೆಗೆ ಒಯ್ದರೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆಯಿಲ್ಲ.

ಹುಟ್ಟಿನಿಂದಲೇ ಬಿಳಿಯಾಗಿರುವ, ಹಾಗಿದ್ದೂ ಆರೋಗ್ಯವಂತವಾದ ಹವಳಗಳು ಇಲ್ಲವೆಂದಲ್ಲ. ಗುಳ್ಳೆಗಳ ಗೊಂಚಲಿನಂತೆ ಕಾಣುವ ಬಬಲ್ ಕೋರಲ್, ಅಂದರೆ ಪ್ಲೆರೊಗೈರಾ, ಮುತ್ತಿನ ಬಿಳುಪಿನ ಗುಳ್ಳೆಗಳನ್ನು ಊದಿಸಿಕೊಂಡಿರುವುದೇ ಅದರ ಸ್ವಭಾವ. ಅದರ ಬಿಳುಪನ್ನು ಹತ್ತಿರದಿಂದ ನೋಡಿದರೆ ಒಳಗೆ ತಿಳಿಗಂದು ಛಾಯೆ ಇರುತ್ತದೆ. ಮಿಡಿಯುತ್ತಲೇ ಇರುವ ಕ್ಸೀನಿಯಾ ಎಂಬ ಮೃದು ಹವಳವೂ ಕೆನೆಬಣ್ಣದ್ದು. ಇನ್ನು ಕೆಲವು ಹವಳಗಳಲ್ಲಿ ಪಾಚಿಯೇ ಇರುವುದಿಲ್ಲ. ಅಕ್ವೇರಿಯಂಗಳಲ್ಲಿ ಸಿಗುವ ಕಿತ್ತಳೆ ಬಣ್ಣದ ಸನ್ ಕೋರಲ್ ಅಂಥದ್ದು. ಅದು ಬದುಕುವುದು ಹಿಡಿದು ತಿಂದ ಆಹಾರದ ಮೇಲೆ ಮಾತ್ರ. ನಾರ್ವೆಯ ಕರಾವಳಿಯಾಚೆ 300ರಿಂದ 400 ಮೀಟರ್ ಆಳದಲ್ಲಿ, 2002ರಲ್ಲಿ ಪತ್ತೆಯಾದ ರೋಸ್ಟ್ ರೀಫ್ ಎಂಬ ಸುಮಾರು 40 ಕಿಲೋಮೀಟರ್ ಉದ್ದದ ಹವಳದ ದಿಬ್ಬವಿದೆ. ಸೂರ್ಯನ ಬೆಳಕು ತಲುಪದ ಆ ತಣ್ಣೀರಿನಲ್ಲಿ ಬೆಳೆಯುವ ಲೊಫೀಲಿಯಾ ಹವಳದ ಹೆಚ್ಚಿನ ಸಮೂಹಗಳು ಅಪ್ಪಟ ಬಿಳಿ ಮತ್ತು ಸಂಪೂರ್ಣ ಆರೋಗ್ಯವಂತ. ಪಾಚಿಯಿಲ್ಲದೆ ಬದುಕುವ ಬಗೆಯನ್ನು ಅದರ ಶರೀರ ರೂಢಿಸಿಕೊಂಡಿದೆ. ಟಾರ್ಚ್ ಹವಳ ಆ ಗುಂಪಿಗೆ ಸೇರಿದ್ದಲ್ಲ. ಯುಫಿಲಿಯಾ ಗ್ಲಾಬ್ರೆಸೆನ್ಸ್ ಎಂಬ ಶಾಸ್ತ್ರೀಯ ಹೆಸರಿನ ಈ ಹವಳ ಕಂದು, ಹಸಿರು, ಹೊಂಬಣ್ಣ, ನೇರಳೆಗಳಲ್ಲಿ ಸಿಗುತ್ತದೆ. ಕರಬಳ್ಳಿಗಳ ತುದಿಯ ಗುಂಡು ಮಾತ್ರ ಬಿಳಿ ಅಥವಾ ಕೆನೆಬಣ್ಣವಾಗಿರುವುದು ಸಾಮಾನ್ಯ. ಬುಡದಿಂದ ತುದಿಯವರೆಗೆ ಬಿಳಿಯಾಗಿದ್ದು, ಕರಬಳ್ಳಿಗಳ ಆಚೆಗಿನ ಕಲ್ಲು ಮಸುಕಾಗಿ ಕಾಣುವಷ್ಟು ಪಾರದರ್ಶಕವಾಗಿದ್ದರೆ ಅದು ತಳಿಯಲ್ಲ, ಪಾಚಿ ಕಳೆದುಕೊಂಡ ಸ್ಥಿತಿ.

ನಿಮ್ಮ ಆಕ್ರೊಪೋರಾದ ಸಂಗತಿ ಬೇರೆ. ಕವಲೊಡೆದು ಬೆಳೆಯುವ ಈ ಹವಳದ ಪ್ರತಿ ಕೊಂಬೆಯ ತುದಿಯಲ್ಲಿ ಒಂದು ಮುಖ್ಯ ಪಾಲಿಪ್ ಇರುತ್ತದೆ, ಕೊಂಬೆ ಉದ್ದವಾಗುವುದು ಅದರಿಂದ. ಅಲ್ಲಿ ಸುಣ್ಣದ ಕಟ್ಟಡ ಎಷ್ಟು ವೇಗವಾಗಿ ಏಳುತ್ತದೆಯೆಂದರೆ, ಪಾಚಿಕೋಶಗಳು ಇನ್ನೂ ಆ ಹೊಸ ಮಾಂಸವನ್ನು ತುಂಬಿಕೊಂಡಿರುವುದಿಲ್ಲ; ಬೆಳವಣಿಗೆಗೆ ಬೇಕಾದ ಆಹಾರ ಕೆಳಗಿನ ಭಾಗದಿಂದ ಅಲ್ಲಿಗೆ ಸಾಗಿಬರುತ್ತದೆ. ಮಾವಿನ ಚಿಗುರು ಹಸಿರಾಗಿಲ್ಲವೆಂದು ಯಾರೂ ಮರಕ್ಕೆ ರೋಗ ಬಂದಿದೆ ಎನ್ನುವುದಿಲ್ಲ, ಇದೂ ಹಾಗೆಯೇ. ಹಾಳೆಯಂತೆ ಹರಡುವ ಮೊಂಟಿಪೋರಾ ಹವಳದ ಅಂಚಿನಲ್ಲಿ ಕಾಣುವ ಬಿಳಿಯ ಪಟ್ಟಿಯೂ ಇದೇ ಬಗೆಯದು. ತುದಿಯ ಬಿಳುಪು ಕೆಲವು ಮಿಲಿಮೀಟರ್ ಮಾತ್ರ ಇದ್ದು, ಕೆಳಗಿನ ಹಸಿರಿಗೆ ಕ್ರಮೇಣ ಬೆರೆತು, ತಿಂಗಳಿನಿಂದ ತಿಂಗಳಿಗೆ ಕೊಂಬೆ ಉದ್ದವಾಗುತ್ತಿದ್ದರೆ ನೀವು ಸಂತೋಷಪಡಬೇಕಾದ ವಿಷಯ.

ಆದರೂ ಮೂರು ಲಕ್ಷಣಗಳ ಬಗ್ಗೆ ಅದರ ಮೇಲೆ ಕಣ್ಣಿಟ್ಟಿರಿ. ಬಿಳಿಯ ತುದಿ ಬೆಳೆಯದೆ ನಿಂತು, ಅಲ್ಲಿನ ಮಾಂಸ ಹೋಗಿ, ಮೇಲೆ ಪಾಚಿ ಹತ್ತಿದರೆ ಅದನ್ನು ತುದಿ ಸುಡುವುದು ಎನ್ನುತ್ತಾರೆ. ಪೋಷಕಾಂಶ ಬಹಳ ಕಡಿಮೆಯಿದ್ದು ಆಲ್ಕಲಿನಿಟಿ ಹೆಚ್ಚಿರುವ ತೊಟ್ಟಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ನಿಮ್ಮ ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾಗಿರುವ ತನಕ 9ರ ಆಲ್ಕಲಿನಿಟಿಯನ್ನು ನಿಧಾನವಾಗಿ 8ರ ಹತ್ತಿರ ತಂದು ನಿಲ್ಲಿಸುವುದು ಕ್ಷೇಮ. ಎರಡನೆಯದಾಗಿ, ಬುಡದಿಂದ ಮೇಲಕ್ಕೆ ಬಿಳುಪು ಏರುತ್ತಿದ್ದರೆ, ಬಿಳುಪಿಗೂ ಹಸಿರಿಗೂ ನಡುವೆ ಗೆರೆ ಕೊರೆದಂತಿದ್ದರೆ, ಅದು ಬ್ಲೀಚಿಂಗ್ ಅಲ್ಲ, ಮಾಂಸವೇ ಕಳಚಿ ಬೀಳುವ ರೋಗ. ಇದು ಕೆಲವೊಮ್ಮೆ ವಾರಗಟ್ಟಲೆ ತೆವಳುತ್ತದೆ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಇಡೀ ಹವಳವನ್ನು ಮುಗಿಸುತ್ತದೆ. ಆಗ ಕಾಯದೆ, ಗೆರೆಗಿಂತ ಒಂದೆರಡು ಸೆಂಟಿಮೀಟರ್ ಮೇಲಿನ ಆರೋಗ್ಯವಂತ ಭಾಗವನ್ನು ಕತ್ತರಿಸಿ ಬೇರೆಡೆ ಅಂಟಿಸಿ ಉಳಿಸಿಕೊಳ್ಳಬೇಕು. ಇನ್ನು, ಕೊಂಬೆಯ ಮೇಲೆ ಅಲ್ಲಲ್ಲಿ ಸಣ್ಣ ಬಿಳಿ ಚುಕ್ಕೆಗಳು ಕಂಡರೆ ಆಕ್ರೊಪೋರಾವನ್ನೇ ತಿನ್ನುವ ಚಪ್ಪಟೆ ಹುಳುವಿನ ಕಡಿತದ ಗುರುತಿರಬಹುದು. ಹವಳದ ಬಣ್ಣವನ್ನೇ ಹೊದ್ದಿರುವ ಈ ಹುಳು ಕಣ್ಣಿಗೆ ಬೀಳುವುದು ಕಷ್ಟವಾದ್ದರಿಂದ, ಬುಡದ ಹತ್ತಿರ ಕಂದು ಮೊಟ್ಟೆಗಳಿವೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕಬೇಕು.

ಅನಿಮೋನ್ ವಿಷಯದಲ್ಲಿ ನನಗೆ ನಿಮ್ಮ ಟಾರ್ಚ್ ಹವಳಕ್ಕಿಂತ ಹೆಚ್ಚು ಕಳವಳವಿದೆ. ಸೀಬೆ ಅನಿಮೋನ್ ಎಂದು ಮಾರುವ ಹೆಟೆರಾಕ್ಟಿಸ್ ಕ್ರಿಸ್ಪಾ ಸ್ವಾಭಾವಿಕವಾಗಿ ತಿಳಿಗಂದು ಅಥವಾ ಹಸಿರುಗಂದು ಬಣ್ಣದ್ದು, ತುದಿಗಳು ನೇರಳೆಯಾಗಿರಬಹುದು. ಪಾಚಿ ಹೋದ ಮೇಲೆ ಉಳಿಯುವುದು ಬಿಳಿ ಮೈ ಮತ್ತು ಆ ನೇರಳೆ ತುದಿ. ಈ ರೂಪ ನೋಡಲು ಚೆಂದವಾಗಿರುವುದೇ ಅದಕ್ಕೆ ಶಾಪವಾಗಿದೆ. ಎಷ್ಟೋ ಮನೆಗಳಲ್ಲಿ ಅದನ್ನು ಬಿಳಿ ಅನಿಮೋನ್ ಎಂಬ ಪ್ರತ್ಯೇಕ ಜಾತಿಯೆಂದೇ ನಂಬಿ ಸಾಕುತ್ತಾರೆ, ಅದು ತಿಂಗಳಿಂದ ತಿಂಗಳಿಗೆ ಕುಗ್ಗುತ್ತ ಹೋಗಿ ಸತ್ತಾಗ ಕಾರಣ ತಿಳಿಯದೆ ಮರುಗುತ್ತಾರೆ. ಅಚ್ಚ ಹಳದಿಯದು ಕಂಡರೆ ಅದು ಬಿಳಿಚಿದ ಅನಿಮೋನಿಗೆ ಬಣ್ಣ ಹಾಕಿದ್ದಾಗಿರುವ ಸಾಧ್ಯತೆ ಬಹಳ. ಹವಳಕ್ಕಿರುವ ಸುಣ್ಣದ ಗೂಡು ಅನಿಮೋನಿಗೆ ಇಲ್ಲದಿರುವುದರಿಂದ, ಹಸಿವು ಹೆಚ್ಚಿದಂತೆ ಅದರ ಇಡೀ ದೇಹವೇ ಸಣ್ಣದಾಗುತ್ತದೆ. ವಾರಕ್ಕೊಮ್ಮೆ, ಅದು ಪೂರ್ತಿ ಅರಳಿರುವ ಹೊತ್ತಿನಲ್ಲಿ, ಅಗಲವನ್ನು ಗಾಜಿನ ಹೊರಗಿನಿಂದ ಅಳೆದು ಬರೆದಿಡಿ. ಅದು ಹಸಿವಿನಿಂದ ಹೊರಬರುತ್ತಿದೆಯೇ ಎಂಬುದಕ್ಕೆ ಈ ಅಳತೆ ಬಣ್ಣಕ್ಕಿಂತ ಮೊದಲೇ ಉತ್ತರ ಹೇಳುತ್ತದೆ.

ಇಂಥ ಬಿಳಿಚಿದ ಜೀವಿಗಳು ಅಂಗಡಿಗೆ ಬರುವುದು ಹೇಗೆಂದು ನೀವು ಕೇಳಬಹುದು. ಸಮುದ್ರದಿಂದ ಅಥವಾ ಸಾಕಣೆ ಕೇಂದ್ರದಿಂದ ಹೊರಟ ಹವಳ ಪ್ಲಾಸ್ಟಿಕ್ ಚೀಲದ ಸ್ವಲ್ಪ ನೀರಿನಲ್ಲಿ, ಕತ್ತಲೆಯಲ್ಲಿ, ಉಷ್ಣತೆಯ ಏರಿಳಿತಗಳ ನಡುವೆ ಪ್ರಯಾಣ ಮಾಡಿ, ಒಂದೆರಡು ಸಗಟು ತೊಟ್ಟಿಗಳಲ್ಲಿ ತಂಗಿ, ಕೊನೆಗೆ ಪ್ರಖರ ದೀಪದ ಕೆಳಗೆ ಬಂದು ನಿಲ್ಲುತ್ತದೆ. ಈ ದಾರಿಯ ಯಾವುದೇ ಹಂತದಲ್ಲಿ ಪಾಚಿ ನಷ್ಟವಾಗಬಹುದು, ಅದರಲ್ಲಿ ವ್ಯಾಪಾರಿಯ ದೋಷ ಇರಲೇಬೇಕೆಂದಿಲ್ಲ. ಆದರೆ ಹಸಿದಿರುವ ಪ್ರಾಣಿಯನ್ನು ಅಪರೂಪದ ತಳಿಯೆಂದು ಹೆಚ್ಚಿನ ಬೆಲೆಗೆ ಮಾರುವುದು ತಪ್ಪು, ಅದನ್ನು ಮೃದುವಾಗಿ ಹೇಳಲು ನನಗೆ ಇಷ್ಟವಿಲ್ಲ. ಬಿಳಿಗೆ ಬೆಲೆ ಸಿಗುವ ತನಕ ಅದನ್ನು ಚೇತರಿಸಿ ಮಾರುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಇನ್ನು ನಿಮ್ಮ ನೀರಿನ ಅಂಕಿಗಳು. ಒಂದೇ ದಿನದಲ್ಲಿ 78ರಿಂದ 83 ಡಿಗ್ರಿಯವರೆಗಿನ ಏರಿಳಿತ, ಅಂದರೆ ಸುಮಾರು 25.6ರಿಂದ 28.3 ಡಿಗ್ರಿ ಸೆಲ್ಸಿಯಸ್, ಆರೋಗ್ಯವಂತ ಹವಳ ತಡೆದುಕೊಳ್ಳಬಹುದಾದರೂ ಬಿಳಿಚಿದ ಹವಳಕ್ಕೆ ಹೊರೆ. ಸಮುದ್ರದಲ್ಲಿ ಆ ಜಾಗದ ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಳ ಕೆಲವು ವಾರ ಮುಂದುವರಿದರೂ ಬ್ಲೀಚಿಂಗ್ ಆರಂಭವಾಗುತ್ತದೆ. ನಿಮ್ಮ ಊರಿನ ಸಮೀಪದ ಗ್ಯಾಲ್ವೆಸ್ಟನ್‌ನಿಂದ ನೂರು ಮೈಲಿಗೂ ಆಚೆ, ಮೆಕ್ಸಿಕೊ ಕೊಲ್ಲಿಯಲ್ಲಿರುವ ಫ್ಲವರ್ ಗಾರ್ಡನ್ ಬ್ಯಾಂಕ್ಸ್ ಹವಳ ದಿಬ್ಬಗಳಲ್ಲಿ 2016ರಲ್ಲಿ ಹೀಗೆಯೇ ನೀರು ಕಾದು ಬಹಳಷ್ಟು ಹವಳಗಳು ಬಿಳಿಚಿಕೊಂಡಿದ್ದವು. ನೀರು ತಣಿದ ಮೇಲೆ ಹೆಚ್ಚಿನವು ಬಣ್ಣ ಮರಳಿ ಪಡೆದವು. ತೊಟ್ಟಿಯಲ್ಲಿ ನೀರನ್ನು ತಣಿಸುವುದು ನಮ್ಮ ಕೈಯಲ್ಲಿದೆ. ನೀರಿನ ಮೇಲ್ಮೈಗೆ ಗಾಳಿ ಬೀಸುವ ಫ್ಯಾನ್ ಅಥವಾ ಚಿಲ್ಲರ್ ಬಳಸಿ 77ರಿಂದ 79 ಡಿಗ್ರಿಯ ನಡುವೆ ನಿಲ್ಲಿಸಿ. ಫ್ಯಾನ್ ಬಳಸಿದರೆ ನೀರು ಬೇಗ ಆವಿಯಾಗುತ್ತದೆಯಾದ್ದರಿಂದ, ದಿನವೂ ಶುದ್ಧ ಸಿಹಿನೀರು ಸೇರಿಸಿ ಲವಣಾಂಶವನ್ನು ಸಾವಿರಕ್ಕೆ 35ರಷ್ಟರಲ್ಲಿ ಕಾಯ್ದುಕೊಳ್ಳಬೇಕು.

ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆ ಎಂದು ನೀವು ಬರೆದಿರುವುದು ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಅತಿ ಮುಖ್ಯ ಸಾಲು. ಶುದ್ಧವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಕ್ವೇರಿಯಂ ಲೋಕದಲ್ಲಿ ಬಹುಕಾಲ ಬೇರೂರಿತ್ತು. ಆದರೆ ಹವಳದೊಳಗಿನ ಪಾಚಿಗೆ ವಿಭಜನೆಯಾಗಿ ಹೆಚ್ಚಲು ನೈಟ್ರೇಟಿನ ಸಾರಜನಕವೂ ಫಾಸ್ಫೇಟಿನ ರಂಜಕವೂ ಬೇಕು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಹವಳ ಪ್ರಯೋಗಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವು, ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಸಿಗದೆ ಹೋದಾಗ ಪಾಚಿಯು ರಂಜಕದ ಬರಕ್ಕೆ ತುತ್ತಾಗುತ್ತದೆ ಮತ್ತು ಹವಳವು ಬಿಸಿಗೂ ಬೆಳಕಿಗೂ ಬೇಗ ಬಿಳಿಚಿಕೊಳ್ಳುತ್ತದೆ ಎಂದು ತೋರಿಸಿತು. ಆದ್ದರಿಂದ ಎರಡನ್ನೂ ಒಟ್ಟೊಟ್ಟಿಗೆ ಏರಿಸಬೇಕು. ನೈಟ್ರೇಟನ್ನು ಮಾತ್ರ ಸುರಿಯುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಫಾಸ್ಫೇಟ್ ಹೀರುವ ಮಾಧ್ಯಮವನ್ನೋ, ಬ್ಯಾಕ್ಟೀರಿಯಾಗೆ ಇಂಗಾಲ ಒದಗಿಸುವ ದ್ರವವನ್ನೋ ಬಳಸುತ್ತಿದ್ದರೆ ಅದನ್ನು ಹಂತಹಂತವಾಗಿ ಕಡಿಮೆ ಮಾಡಿ, ಮೀನುಗಳಿಗೆ ಸ್ವಲ್ಪ ಹೆಚ್ಚು ಆಹಾರ ಹಾಕಿ. ಎರಡು ಮೂರು ವಾರಗಳಲ್ಲಿ ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ ಆಗುವಂತೆ ನೋಡಿಕೊಳ್ಳಿ. ಗಾಜಿನ ಮೇಲೆ ಪಾಚಿ ಮೊದಲಿಗಿಂತ ಬೇಗ ಹಿಡಿಯುತ್ತದೆ, ಒರೆಸಿದರಾಯಿತು.

ಇದೇ ಪ್ರಯೋಗಾಲಯದವರು 2020ರಲ್ಲಿ ಇನ್ನೊಂದು ಸಂಗತಿಯನ್ನು ವಿವರಿಸಿದರು. ಕೆಲವು ಹವಳಗಳು ಪಾಚಿ ಕಳೆದುಕೊಂಡಾಗ ಬಿಳಿಯಾಗುವುದರ ಬದಲು ಢಾಳವಾದ ಗುಲಾಬಿ, ನೇರಳೆ, ಹಳದಿ ಬಣ್ಣ ತಾಳುತ್ತವೆ. ಮಾಂಸದೊಳಗೆ ಹೆಚ್ಚಿದ ಬೆಳಕು ಹವಳವನ್ನು ಹೆಚ್ಚು ವರ್ಣದ್ರವ್ಯ ತಯಾರಿಸುವಂತೆ ಪ್ರಚೋದಿಸುತ್ತದೆ ಮತ್ತು ಆ ವರ್ಣದ್ರವ್ಯ ನೆರಳಾಗಿ ನಿಂತು ಉಳಿದ ಪಾಚಿಯನ್ನು ಕಾಯುತ್ತದೆ. ಅಂದಮೇಲೆ ತಿಳಿಯಾದ ಚೆಲುವಿನ ಬಣ್ಣಗಳೂ ಯಾವಾಗಲೂ ಕ್ಷೇಮದ ಸೂಚನೆಯಲ್ಲ. ಪೋಷಕಾಂಶವನ್ನು ತೀರ ಕಡಿಮೆಯಿಟ್ಟು ಹವಳಗಳನ್ನು ತೆಳು ಬಣ್ಣದಲ್ಲಿ ಮಿಂಚಿಸುವ ರೂಢಿ ಕೆಲವರಲ್ಲಿದೆ. ನುರಿತವರು ಅದನ್ನು ನಿಭಾಯಿಸುತ್ತಾರಾದರೂ, ನಾನು ಸ್ವಲ್ಪ ಕಂದು ಬೆರೆತ ಗಾಢ ಬಣ್ಣದ ಹವಳವನ್ನೇ ಮೆಚ್ಚುತ್ತೇನೆ, ಏಕೆಂದರೆ ಒಂದು ದಿನ ಫ್ಯಾನ್ ಕೆಟ್ಟರೆ ತಾಳಿಕೊಳ್ಳಲು ಅದರಲ್ಲಿ ಶಕ್ತಿ ಉಳಿದಿರುತ್ತದೆ.

ಬಿಳಿಚಿದ ಹವಳಕ್ಕೆ ಬೆಳಕು ಹೆಚ್ಚು ಬೇಕೆಂದು ಅನೇಕರು ಅದನ್ನು ದೀಪದ ಹತ್ತಿರಕ್ಕೆ ಏರಿಸುತ್ತಾರೆ. ಇದು ಹಾನಿಕರ. ಪಾಚಿ ಇದ್ದಾಗ ಕೋಶಗಳು ಒಂದಕ್ಕೊಂದು ನೆರಳಾಗಿರುತ್ತವೆ. ಅವು ಹೋದ ಮೇಲೆ ಬೆಳಕು ನೇರವಾಗಿ ಒಳನುಗ್ಗಿ, ಬಿಳಿಯ ಅಸ್ಥಿಪಂಜರಕ್ಕೆ ಬಡಿದು ಮತ್ತೆ ಮಾಂಸದೊಳಗೇ ಹಿಂತಿರುಗುತ್ತದೆ. ಹೀಗಾಗಿ ಅಳಿದುಳಿದ ಪಾಚಿಕೋಶಗಳು ಮೊದಲಿಗಿಂತ ಹೆಚ್ಚು ಪ್ರಖರತೆಯನ್ನು ಎದುರಿಸಬೇಕಾಗುತ್ತದೆ. ಟಾರ್ಚ್ ಹವಳವನ್ನು ತೊಟ್ಟಿಯ ತಳದ ಹತ್ತಿರ, ನೇರ ಬೆಳಕು ಬೀಳದ ಕಡೆ, ಮಂದವಾಗಿ ನೀರು ಹರಿಯುವಲ್ಲಿ ಇಡಿ. ಪಾರ್ ಮೀಟರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು ಅಳೆಯುವ ಸಾಧನ) ಎರವಲು ಸಿಕ್ಕರೆ 50ರಿಂದ 80ರ ನಡುವೆ ಇರುವ ಜಾಗ ಹುಡುಕಿ. ಇಡೀ ದೀಪವನ್ನು ಮಂದಗೊಳಿಸಬೇಡಿ. ಆಕ್ರೊಪೋರಾಗೆ 200ಕ್ಕಿಂತ ಹೆಚ್ಚು ಪಾರ್ ಬೇಕು, ಅದು ಈಗ ಚೆನ್ನಾಗಿದೆ. ಅವಧಿಯನ್ನು ಹತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರೆ ಯಾವುದಕ್ಕೂ ತೊಂದರೆಯಿಲ್ಲ. ಅನಿಮೋನನ್ನು ಕಲ್ಲಿನಿಂದ ಕಿತ್ತು ಸರಿಸಲು ಹೋಗಬೇಡಿ, ಪಾದ ಹರಿದರೆ ಅದು ಉಳಿಯುವುದು ಕಷ್ಟ. ಅದರ ಮೇಲ್ಭಾಗದಲ್ಲಿ ತೊಟ್ಟಿಗೆ ಒಂದು ತುಂಡು ಪ್ಲಾಸ್ಟಿಕ್ ಬಲೆ ಹಾಸಿ ನೆರಳು ಮಾಡಿ. ಅನಿಮೋನ್ ತಾನಾಗಿ ಜಾಗ ಬದಲಿಸುವ ಪ್ರಾಣಿ, ಟಾರ್ಚ್ ಹವಳವೂ ಕುಟುಕುವ ಉದ್ದನೆಯ ಎಳೆಗಳನ್ನು ಚಾಚುತ್ತದೆ. ಆದ್ದರಿಂದ ಎರಡರ ನಡುವೆ ಒಂದು ಗೇಣಿಗಿಂತ ಹೆಚ್ಚು ಅಂತರವಿರಲಿ.

ಚೇತರಿಕೆಯ ಮುಖ್ಯ ಸಾಧನ ಆಹಾರ. 2006ರಲ್ಲಿ ಆಂಡ್ರಿಯಾ ಗ್ರೊಟೊಲಿ ಮತ್ತು ಸಂಗಡಿಗರು ಹವಾಯಿಯ ಹವಳಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಮೊಂಟಿಪೋರಾ ಕ್ಯಾಪಿಟಾಟಾ ಎಂಬ ಜಾತಿಯು ಬಿಳಿಚಿಕೊಂಡ ಮೇಲೆ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುವ ಪ್ರಮಾಣವನ್ನು ಬಹಳವಾಗಿ ಹೆಚ್ಚಿಸಿಕೊಂಡು, ತನ್ನ ದಿನದ ಶಕ್ತಿಯ ಅಗತ್ಯವನ್ನು ಅದರಿಂದಲೇ ಪೂರೈಸಿಕೊಂಡದ್ದು ಕಂಡುಬಂದಿತು. ಅದೇ ನೀರಿನಲ್ಲಿದ್ದ ಬೇರೆ ಜಾತಿಗಳು ಹಾಗೆ ಮಾಡಲಿಲ್ಲ. ಟಾರ್ಚ್ ಹವಳದ ಪಾಲಿಪ್‌ಗಳು ದೊಡ್ಡವು, ಬಾಯಿಯೂ ದೊಡ್ಡದು. ಕೈಯಾರೆ ತಿನ್ನಿಸಲು ಅನುಕೂಲವಾದ ಹವಳ ಅದು. ವಾರಕ್ಕೆ ಎರಡು ಅಥವಾ ಮೂರು ಸಲ, ಸಂಜೆ ದೀಪ ಆರಿದ ಮೇಲೆ, ಫ್ರೀಜ್ ಮಾಡಿದ ಮೈಸಿಸ್ ಸೀಗಡಿಯನ್ನು ಕರಗಿಸಿ, ಸಣ್ಣಗೆ ಹೆಚ್ಚಿ, ಪಿಪೆಟ್‌ನಿಂದ ಪ್ರತಿ ಪಾಲಿಪ್‌ನ ಮೇಲೆ ಸ್ವಲ್ಪಸ್ವಲ್ಪ ಬಿಡಿ. ಆ ಹೊತ್ತಿಗೆ ಪಂಪುಗಳನ್ನು ಹದಿನೈದು ನಿಮಿಷ ನಿಲ್ಲಿಸಿ. ತೊಟ್ಟಿಯ ಸೀಗಡಿಗಳು ಕಸಿದುಕೊಳ್ಳುವ ಅಭ್ಯಾಸವಿದ್ದರೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಹವಳದ ಮೇಲೆ ಕವುಚಿಟ್ಟು ಅದರ ಬಾಯಿಯಿಂದ ಆಹಾರ ಹಾಕಬಹುದು. ಅನಿಮೋನಿಗೆ ಅಂಗಡಿಯಲ್ಲಿ ಸಿಗುವ ಹಸಿ ಸೀಗಡಿಯ ಅಥವಾ ಮೀನಿನ, ಕಡಲೆಕಾಳಿನ ಗಾತ್ರದ ಚೂರುಗಳು ಸಾಕು. ದೊಡ್ಡ ತುಂಡು ಕೊಟ್ಟರೆ ಬಳಲಿದ ಪ್ರಾಣಿ ಅದನ್ನು ಅರಗಿಸಲಾಗದೆ ಮರುದಿನ ಉಗುಳುತ್ತದೆ, ನೀರೂ ಕೆಡುತ್ತದೆ. ನಿಮ್ಮ ಕ್ಲೌನ್ ಮೀನುಗಳು ಅದರಲ್ಲಿ ನೆಲೆಸಿದ್ದರೆ ಒಳ್ಳೆಯದೇ, ಅವುಗಳ ವಿಸರ್ಜನೆಯ ಅಮೋನಿಯಾ ಅನಿಮೋನಿನ ಪಾಚಿಗೆ ಗೊಬ್ಬರವಾಗುತ್ತದೆ. ಆದರೆ ಅವು ಒರಟಾಗಿ ಉಜ್ಜಾಡಿ ಅನಿಮೋನ್ ಸದಾ ಮುದುಡಿಯೇ ಇರುವಂತಾದರೆ, ಅದು ಬಲಗೊಳ್ಳುವವರೆಗೆ ಮೀನುಗಳನ್ನು ಬೇರ್ಪಡಿಸಿ. ಹವಳಕ್ಕೆ ಔಷಧಿ, ಬಣ್ಣ ಹೆಚ್ಚಿಸುವ ದ್ರವಗಳು ಈ ಹಂತದಲ್ಲಿ ಬೇಡವೇ ಬೇಡ.

ಬಣ್ಣ ಮರಳಲು ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. ಮೊದಲು ಕರಬಳ್ಳಿಗಳ ಬುಡದಲ್ಲಿ ಅಥವಾ ನೆರಳಿರುವ ಬದಿಯಲ್ಲಿ ಕಂದು ಛಾಯೆ ಅಲ್ಲಲ್ಲಿ ಮೂಡುತ್ತದೆ. ಅದು ಕಂಡ ಮೇಲೆ ಬೆಳಕನ್ನು ನಿಧಾನವಾಗಿ ಒಂದೂವರೆ ಎರಡು ತಿಂಗಳಲ್ಲಿ ಏರಿಸಿ, ಟಾರ್ಚ್ ಹವಳವನ್ನು 100ರಿಂದ 150 ಪಾರ್‌ನಲ್ಲಿ ನೆಲೆಗೊಳಿಸಬಹುದು. ದಿನವೂ ನೋಡುವ ಕಣ್ಣಿಗೆ ಈ ಬದಲಾವಣೆ ತಿಳಿಯುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ಒಂದೇ ಜಾಗದಿಂದ, ಒಂದೇ ಬಿಳಿ ದೀಪದಲ್ಲಿ ಚಿತ್ರ ತೆಗೆಯಿರಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋರಲ್ ವಾಚ್ ಯೋಜನೆಯವರು ಸಿದ್ಧಪಡಿಸಿದ ಹವಳದ ಆರೋಗ್ಯ ಪಟ್ಟಿಯಲ್ಲಿ ಬಣ್ಣದ ಗಾಢತೆಯನ್ನು 1ರಿಂದ 6ರವರೆಗೆ ಅಂಕಿತಗೊಳಿಸಿದ್ದಾರೆ. ಮುಳುಗುಗಾರರಿಗಾಗಿ ಮಾಡಿದ ಆ ಪಟ್ಟಿಯನ್ನು ಮನೆಯ ತೊಟ್ಟಿಯ ಪಕ್ಕದಲ್ಲಿ ಹಿಡಿದು ಹೋಲಿಸುವುದರಲ್ಲಿ ತಪ್ಪೇನಿಲ್ಲ.

ಕರ್ನಾಟಕದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು ಹೇಳಲೇಬೇಕು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳೂ, ಕರಿಹವಳ ಮತ್ತು ಸಮುದ್ರ ಬೀಸಣಿಗೆಗಳೂ 2001ರಿಂದ ಮೊದಲನೇ ಅನುಸೂಚಿಯಲ್ಲಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಸತ್ತು ದಡಕ್ಕೆ ಬಿದ್ದ ತುಂಡನ್ನಾದರೂ ತಂದು ತೊಟ್ಟಿಗೆ ಹಾಕುವುದು ಅಪರಾಧ. ಈ ಉತ್ತರವನ್ನು ಹ್ಯೂಸ್ಟನ್‌ನ ತೊಟ್ಟಿಗಾಗಿ ಬರೆದಿದ್ದೇನೆಂಬುದು ನೆನಪಿರಲಿ.

ಮರಳಿಸಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಸಲಹೆ ಹೀಗಿದೆ. ಟಾರ್ಚ್ ಹವಳವನ್ನು ಇಟ್ಟುಕೊಳ್ಳಿ. ಮತ್ತೊಂದು ಪ್ರಯಾಣ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ, ಮರಳಿದ ಮೇಲೆ ಅದೇ ಹೆಸರಿನಲ್ಲಿ ಇನ್ನೊಬ್ಬರಿಗೆ ಮಾರಾಟವಾಗುತ್ತದೆ. ಬಿಳಿ ಬೆಳಕಿನಲ್ಲಿ ತೆಗೆದ ಚಿತ್ರವನ್ನೂ ರಸೀದಿಯನ್ನೂ ತೋರಿಸಿ, ತಳಿಯ ಹೆಸರಿನಲ್ಲಿ ಪಡೆದ ಹೆಚ್ಚುವರಿ ಹಣವನ್ನು ಹಿಂದಿರುಗಿಸುವಂತೆ ಅಂಗಡಿಯವರನ್ನು ಕೇಳುವ ಹಕ್ಕು ನಿಮಗಿದೆ, ಸಂಕೋಚಪಡಬೇಡಿ. ಅನಿಮೋನನ್ನೂ ಈಗ ಅಲುಗಾಡಿಸದಿರುವುದೇ ಲೇಸು, ಆದರೆ ಅದರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಬಾಯಿ ಸಡಿಲಗೊಂಡು ತೆರೆದೇ ಇದ್ದರೆ, ಮುಟ್ಟಿದಾಗ ಕರಬಳ್ಳಿಗಳು ಅಂಟದಿದ್ದರೆ, ಎರಡು ದಿನ ಅರಳದೆ ಉಳಿದು ಮೈ ಕರಗಿದಂತೆ ಕಂಡರೆ, ಕೂಡಲೇ ಹೊರತೆಗೆಯಿರಿ. ಸತ್ತ ಅನಿಮೋನ್ ಒಂದೇ ರಾತ್ರಿಯಲ್ಲಿ 75 ಗ್ಯಾಲನ್ ನೀರನ್ನು ಕೆಡಿಸಬಲ್ಲದು, ಆಗ ಚೆನ್ನಾಗಿ ಬೆಳೆಯುತ್ತಿರುವ ನಿಮ್ಮ ಆಕ್ರೊಪೋರಾವೂ ಉಳಿಯುವುದಿಲ್ಲ.